ಮೂರು ನಿಮಿಷದ ನ್ಯಾಯದಾನ

ಒಂದು ಗೇಣು ಹೊಲದ ಬದುವಿನ ಖಟ್ಲೆಯಿದ್ದರೂ ನಮ್ಮ ನ್ಯಾಯಾಲಯಗಳಲ್ಲಿ ನ್ಯಾಯಾಧೀಶನು ಉಭಯಪಕ್ಷಗಳ ಮಾತನ್ನು ಕೇಳಬೇಕು. ಸಾಕ್ಷ್ಯವನ್ನು ತೂಗಿ ನೋಡಬೇಕು. ಯಾವ ಕಾರಣಗಳಿಂದ ತಾನು ಈ ನಿರ್ಣಯಕ್ಕೆ ಬಂದೆನೆಂಬುದನ್ನು ಬರೆದು ಕೆಳಗೆ ರುಜು ಹಾಕಬೇಕು. ಸೋತವನಿಗೆ ಆ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲಿನ ಕೋರ್ಟಿನ ಬಾಗಿಲು ತೆರೆದೇ ಇರುವದು. ಆದರೆ ಹದಿನೇಳು ವರುಷದ ಬಾಲಕನೊಬ್ಬನು ಕಾಲೇಜಿನ ಪ್ರವೇಶಕ್ಕಾಗಿ ಬರೆದ ನಿಬಂಧವು ಪರೀಕ್ಷಕನ ಮುಂದೆ ಬಂದಾಗ ನಡೆಯುವದೇನು? ಆ ಬಾಲಕನನ್ನು ಎಂದೂ ಕಂಡರಿಯದವನೊಬ್ಬನು ಎರಡು ಮೂರು ನಿಮಿಷ ಆ ಬರಹದ ಮೇಲೆ ಕಣ್ಣಾಡಿಸಿ ಒಂದು ಅಂಕವನ್ನು ನಮೂದಿಸುವನು. ಕಾರಣವಿಲ್ಲ, ರುಜುವಿಲ್ಲ, ಅನೇಕ ಕಡೆಗಳಲ್ಲಿ ಅಪೀಲೂ ಇಲ್ಲ. ಬದುವಿಗೆ ಇರುವ ರಕ್ಷಣೆಯು ಬಾಲಕನ ಭವಿಷ್ಯಕ್ಕೆ ಇಲ್ಲದಿರುವದು ವಿಚಿತ್ರವಲ್ಲವೇ?

ಈ ಪ್ರಶ್ನೆಯನ್ನು ನಾವು ಕೇವಲ ವಿನೋದಕ್ಕಾಗಿ ಎತ್ತಿಲ್ಲ. ಕಾಲೇಜು ಪ್ರವೇಶದ ಪರೀಕ್ಷೆಗಳಲ್ಲಿ ನಿಬಂಧಕ್ಕೆ ಅಂಕ ಕೊಡುವದು ಹೇಗೆಂಬ ವಿಷಯದಲ್ಲಿ ಅಮೇರಿಕೆಯವರು ನೂರಿಪ್ಪತ್ತು ವರುಷಗಳಿಂದ ಪ್ರಯೋಗಗಳನ್ನು ನಡೆಸಿದ್ದಾರೆ, ಸೋತಿದ್ದಾರೆ, ಮತ್ತೆ ಹೊಸದಾಗಿ ಆರಂಭಿಸಿದ್ದಾರೆ, ಕೊನೆಗೆ 2021ರಲ್ಲಿ ತಮ್ಮ ಮುಖ್ಯ ಪರೀಕ್ಷೆಯಿಂದ ನಿಬಂಧವನ್ನೇ ತೆಗೆದುಹಾಕಿದ್ದಾರೆ. ಅವರ ಅನುಭವದಿಂದ ನಮ್ಮ ಶಿಕ್ಷಕರೂ ಪಾಲಕರೂ ಕಲಿಯತಕ್ಕದ್ದು ಬಹಳವಿದೆ. ಯಾಕಂದರೆ ನಮ್ಮಲ್ಲಿಯೂ ನಿಬಂಧವು ಸದ್ದಿಲ್ಲದೆ ಬಾಗಿಲ ಹೊರಗೆ ನಡೆಯುತ್ತಲಿದೆ.

ಪರೀಕ್ಷೆಯಲ್ಲಿ ಬರಹಕ್ಕೆ ನ್ಯಾಯ ದೊರೆಯಬೇಕೆಂಬ ಕಾಳಜಿಯು ಹೊಸತಲ್ಲ. ಚೀನದ ಅರಸರು ಅಧಿಕಾರಿಗಳನ್ನು ಆರಿಸುವದಕ್ಕಾಗಿ ನಡೆಸುತ್ತಿದ್ದ ಪರೀಕ್ಷೆಗಳಲ್ಲಿ ಅಭ್ಯರ್ಥಿಯ ಹೆಸರನ್ನು ಮುಚ್ಚಿ ಅಂಟಿಸುತ್ತಿದ್ದರು. ಅಷ್ಟಕ್ಕೇ ಬಿಡದೆ, ಕೈಬರಹದ ಗುರುತು ಹತ್ತಬಾರದೆಂದು ಪ್ರತಿಯೊಂದು ಉತ್ತರವನ್ನೂ ಕಾರಕೂನರಿಂದ ಬೇರೆ ಪ್ರತಿ ಮಾಡಿಸಿ, ಆ ಪ್ರತಿಯನ್ನೇ ಪರೀಕ್ಷಕರ ಕೈಗೆ ಕೊಡುತ್ತಿದ್ದರು. ಆ ಪದ್ಧತಿಯು 1905ರಲ್ಲಿ ನಿಂತುಹೋಯಿತು. ಅದರಲ್ಲಿ ದೋಷಗಳಿರಲಿಲ್ಲವೆಂದಲ್ಲ, ಎಂಟು ಅಂಗಗಳ ಒಂದೇ ಅಚ್ಚಿನಲ್ಲಿ ನಿಬಂಧಗಳನ್ನು ಎರಕ ಹೊಯ್ಯುವ ರೂಢಿಯು ಅಲ್ಲಿಯ ಬುದ್ಧಿವಂತರನ್ನು ಶತಮಾನಗಳ ವರೆಗೆ ಬಂಧಿಸಿತ್ತು. ಆದರೂ ಮುಖದಾಕ್ಷಿಣ್ಯಕ್ಕೆ ಎಡೆಗೊಡಬಾರದೆಂಬ ಎಚ್ಚರವನ್ನು ಅವರು ನಮಗಿಂತ ಮೊದಲೇ ತಿಳಿದಿದ್ದರು.

ಅಮೇರಿಕೆಯಲ್ಲಿ ಕಾಲೇಜುಗಳು ಒಂದುಗೂಡಿ ಪ್ರವೇಶಪರೀಕ್ಷೆಯ ಮಂಡಳಿಯನ್ನು ಸ್ಥಾಪಿಸಿದ್ದು 1900ರಲ್ಲಿ. ಅದರ ಹೆಸರು ಈಗ ಕಾಲೇಜ್ ಬೋರ್ಡು. ಅದಕ್ಕಿಂತ ಪೂರ್ವದಲ್ಲಿ ಒಂದೊಂದು ಕಾಲೇಜಿಗೆ ಒಂದೊಂದು ಪರೀಕ್ಷೆ ಇರುತ್ತಿತ್ತು. 1901ರ ಜೂನ್ ತಿಂಗಳಲ್ಲಿ ಮಂಡಳಿಯ ಮೊದಲನೆಯ ಪರೀಕ್ಷೆ ನಡೆಯಿತು. ಉತ್ತರಗಳನ್ನೆಲ್ಲ ವಿದ್ಯಾರ್ಥಿಗಳು ತಮ್ಮ ಮಾತಿನಲ್ಲಿಯೇ ಬರೆಯಬೇಕಾಗಿತ್ತು. ಅವುಗಳನ್ನು ಅಧ್ಯಾಪಕರು ಒಂದೆಡೆಗೆ ಕೂಡಿ ಓದಿದರು. ಒಂದೇ ಪ್ರಶ್ನಪತ್ರಿಕೆ, ಒಂದೇ ಮಂಡಳಿ. ಇನ್ನು ಎಲ್ಲರಿಗೂ ಒಂದೇ ಅಳತೆಗೋಲು ದೊರೆಯಿತೆಂದು ಜನರು ನಂಬಿದರು.

ಈ ನಂಬಿಗೆಗೆ ಹನ್ನೊಂದು ವರುಷಗಳಲ್ಲಿಯೇ ದೊಡ್ಡ ಪೆಟ್ಟು ಬಿದ್ದಿತು. 1912ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡ್ಯಾನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬವರು ಹಾಯಸ್ಕೂಲಿನ ಇಂಗ್ಲಿಷ್ ಉತ್ತರಪತ್ರಿಕೆಗಳೆರಡನ್ನು ಅಚ್ಚು ಹಾಕಿಸಿ ಅನೇಕ ಶಾಲೆಗಳಿಗೆ ಕಳಿಸಿದರು. 142 ಜನ ಶಿಕ್ಷಕರು ಅವಕ್ಕೆ ನೂರರ ಮೇಲೆ ಅಂಕಗಳನ್ನು ಕೊಟ್ಟರು. ಒಂದು ಪತ್ರಿಕೆಗೆ ಬಂದ ಅಂಕಗಳು 64ರಿಂದ 98ರ ವರೆಗೆ ಹರಡಿದವು. ಮತ್ತೊಂದಕ್ಕೆ 50ರಿಂದ ಹಿಡಿದು 90ನ್ನು ದಾಟಿ ಹೋದವು. ಅದೇ ಕಾಗದ, ಅದೇ ಶಬ್ದಗಳು! ಒಬ್ಬ ಶಿಕ್ಷಕನ ಕಣ್ಣಿಗೆ ತೇರ್ಗಡೆಯಾಗಲಾರದವನು ಮತ್ತೊಬ್ಬನ ಕಣ್ಣಿಗೆ ವರ್ಗದಲ್ಲಿ ಮೊದಲಿಗನಾದನು. ಇಂಗ್ಲಿಷ್ ರುಚಿಯ ವಿಷಯ, ಅದರಲ್ಲಿ ಅಭಿಪ್ರಾಯಭೇದ ಸಹಜವೆಂದು ಕೆಲವರು ಆಕ್ಷೇಪಿಸಿದರು. ಆಗ ಅವರಿಬ್ಬರು 1913ರಲ್ಲಿ ರೇಖಾಗಣಿತದ ಪತ್ರಿಕೆಯೊಂದನ್ನು ಅದೇ ರೀತಿ ಕಳಿಸಿದರು. ಅಲ್ಲಿ ಅಂಕಗಳು 28ರಿಂದ 92ರ ವರೆಗೆ ಹಾರಿದವು. ರುಚಿಗೆ ಎಡೆಯಿಲ್ಲವೆಂದು ನಾವು ತಿಳಿದಿರುವ ರೇಖಾಗಣಿತದ ಗತಿಯೇ ಹೀಗಾದ ಬಳಿಕ ನಿಬಂಧದ ಪಾಡನ್ನು ಹೇಳತಕ್ಕದ್ದೇನು!

ಇಂಗ್ಲಂಡದಲ್ಲಿ ಈ ಕೆಲಸವನ್ನು ಕೈಕೊಂಡವರಲ್ಲಿ ಒಬ್ಬರು ನಮ್ಮ ದೇಶಕ್ಕೂ ಪರಿಚಿತರಾದವರು: ಢಾಕಾ ವಿಶ್ವವಿದ್ಯಾಲಯದ ಮೊದಲನೆಯ ಉಪಕುಲಪತಿಗಳಾಗಿದ್ದ, ಹಿಂದುಸ್ತಾನದ ಶಿಕ್ಷಣದ ಬಗ್ಗೆ 1929ರಲ್ಲಿ ವರದಿಯನ್ನು ಒಪ್ಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ಸರ್ ಫಿಲಿಪ್ ಹಾರ್ಟಾಗ್. ಅವರೂ ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರೂ ಕೂಡಿ 1935ರಲ್ಲಿ ಪರೀಕ್ಷೆಗಳನ್ನೇ ಪರೀಕ್ಷಿಸಿದ ವರದಿಯೊಂದನ್ನು ಪ್ರಕಟಿಸಿದರು. ಇತಿಹಾಸದ 15 ಉತ್ತರಪತ್ರಿಕೆಗಳನ್ನು ಅನುಭವಿಕ ಪರೀಕ್ಷಕರಿಗೆ ಕೊಟ್ಟು, ಒಂದು ವರುಷಕ್ಕಿಂತ ಹೆಚ್ಚು ಕಾಲವಾದ ಮೇಲೆ ಅವೇ ಪತ್ರಿಕೆಗಳನ್ನು ಅವರಲ್ಲಿಯ 14 ಜನರಿಗೆ ಮತ್ತೆ ಕೊಟ್ಟರು. ಹೀಗೆ ದೊರೆತ 210 ನಿರ್ಣಯಗಳಲ್ಲಿ 92 ಕಡೆ ಪರೀಕ್ಷಕನು ತಾನೇ ಹಿಂದೆ ಕೊಟ್ಟ ತೀರ್ಪನ್ನು ಬದಲಿಸಿದ್ದನು. ತೇರ್ಗಡೆಯಾಗಿದ್ದವನು ನಪಾಸಾದನು, ನಪಾಸಾಗಿದ್ದವನು ತೇರ್ಗಡೆಯಾದನು. ಪರೀಕ್ಷಕರಿಬ್ಬರಲ್ಲಿ ಒಮ್ಮತವಿಲ್ಲದಿರುವದು ಒತ್ತಟ್ಟಿಗಿರಲಿ. ಪರೀಕ್ಷಕನಿಗೆ ತನ್ನೊಡನೆಯೇ ಒಮ್ಮತವಿಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಇಂಥ ಸಂಗತಿಗಳು ಬಯಲಿಗೆ ಬರುತ್ತಲಿದ್ದಾಗಲೇ ಬೇರೊಂದು ಉಪಾಯವು ತಲೆಯೆತ್ತಿತು. 1926ರ ಜೂನ್ 23ರಂದು ಕಾಲೇಜ್ ಬೋರ್ಡು 8,040 ಜನ ಅಭ್ಯರ್ಥಿಗಳಿಗೆ ಸ್ಯಾಟ್ ಎಂಬ ಹೊಸ ಪರೀಕ್ಷೆಯನ್ನು ಕೊಟ್ಟಿತು. ಅದರಲ್ಲಿ ನಿಬಂಧವಿರಲಿಲ್ಲ, ಚಿಕ್ಕ ಪ್ರಶ್ನೆಗಳಿಗೆ ನಿಶ್ಚಿತವಾದ ಉತ್ತರಗಳಿದ್ದವು. ಪರೀಕ್ಷಕನ ಮನಸ್ಸಿನ ಏರಿಳಿತಕ್ಕೆ ಅಲ್ಲಿ ಎಡೆಯೇ ಇಲ್ಲ. ಹಳೆಯ ನಿಬಂಧದ ಪರೀಕ್ಷೆಗಳು ಅದರ ಬದಿಯಲ್ಲಿ ಕೆಲವು ಕಾಲ ನಡೆದುಕೊಂಡು ಬಂದವು. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕೆಯು ಇಳಿದೊಡನೆ, 1942ರಲ್ಲಿ, ಕಾಲದ ಉಳಿತಾಯದ ಸಲುವಾಗಿ ಅವುಗಳನ್ನು ನಿಲ್ಲಿಸಲಾಯಿತು. ಯುದ್ಧವು ಮುಗಿಯಿತು, ಆದರೆ ಆ ಹಳೆಯ ಪರೀಕ್ಷೆಗಳು ತಿರುಗಿ ಬರಲಿಲ್ಲ. ತಾತ್ಪೂರ್ತಿಕವೆಂದು ಮಾಡಿದ ಏರ್ಪಾಡು ಶಾಶ್ವತವಾಗುವದು ಸರಕಾರಗಳಲ್ಲಿ ಮಾತ್ರ ಕಾಣುವ ಗುಣವಲ್ಲವೆಂಬುದಕ್ಕೆ ಇದೊಂದು ಉದಾಹರಣೆ.

ಇನ್ನು 1961ರ ಪ್ರಯೋಗವನ್ನು ನೋಡೋಣ. ಪಾಲ್ ಡೀಡರಿಕ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಕಾಲೇಜಿನ ಮೊದಲನೆಯ ವರುಷದ ವಿದ್ಯಾರ್ಥಿಗಳಿಂದ 300 ನಿಬಂಧಗಳನ್ನು ಬರೆಯಿಸಿ, 53 ಜನ ವಾಚಕರಿಗೆ ಕೊಟ್ಟರು. ಆ ವಾಚಕರಲ್ಲಿ ಇಂಗ್ಲಿಷಿನ ಅಧ್ಯಾಪಕರಿದ್ದರು, ವಿಜ್ಞಾನದ ಅಧ್ಯಾಪಕರಿದ್ದರು, ಲೇಖಕರೂ ಸಂಪಾದಕರೂ ಇದ್ದರು, ವ್ಯಾಪಾರಸ್ಥರಿದ್ದರು. ನಮ್ಮ ವೃತ್ತಿಬಾಂಧವರಾದ ವಕೀಲರೂ ಇದ್ದರು. ಅಂಕದ ಮೆಟ್ಟಲುಗಳು ಒಂಬತ್ತು. ಯಾವ ಕಟ್ಟಳೆಯನ್ನೂ ಹೇಳಿಕೊಡದೆ, ನಿಮಗೆ ತಿಳಿದಂತೆ ಅಂಕ ಕೊಡಿರೆಂದು ಹೇಳಲಾಯಿತು. ಫಲವೇನು? 300ರಲ್ಲಿ 101 ನಿಬಂಧಗಳಿಗೆ ಒಂದರಿಂದ ಒಂಬತ್ತರ ವರೆಗೆ ಎಲ್ಲ ಅಂಕಗಳೂ ದೊರೆತವು! ನೂರಕ್ಕೆ 94 ನಿಬಂಧಗಳಿಗೆ ಕಡಿಮೆಯೆಂದರೂ ಏಳು ಬಗೆಯ ಅಂಕಗಳು ಬಂದವು. ಐದಕ್ಕಿಂತ ಕಡಿಮೆ ಬಗೆಯ ಅಂಕಗಳನ್ನು ಪಡೆದ ನಿಬಂಧವು ಒಂದೂ ಇರಲಿಲ್ಲ.

ಆದರೆ ಡೀಡರಿಕ್ ಇದನ್ನು ಕಂಡು ಕೈಚೆಲ್ಲಿ ಕೂಡಲಿಲ್ಲ. ವಾಚಕರು ಬರೆದ ಟಿಪ್ಪಣಿಗಳನ್ನು ಶೋಧಿಸಿ, ಈ ಭೇದವು ಕುರುಡುತನದಿಂದ ಬಂದದ್ದಲ್ಲವೆಂಬುದನ್ನು ಕಂಡುಕೊಂಡರು. ವಾಚಕರಲ್ಲಿ ಐದು ಪಂಥಗಳಿದ್ದವು. ಒಂದು ಪಂಥದವರು ವಿಚಾರಕ್ಕೆ ಬೆಲೆ ಕಟ್ಟಿದರು. ಇನ್ನೊಂದು ಪಂಥದವರು ಕಾಗುಣಿತ, ವ್ಯಾಕರಣ, ವಿರಾಮಚಿಹ್ನೆಗಳಿಗೆ. ಮೂರನೆಯವರು ರಚನೆಯ ಕ್ರಮಕ್ಕೆ. ನಾಲ್ಕನೆಯವರು ಶಬ್ದಗಳ ಆಯ್ಕೆಗೆ. ಐದನೆಯವರು ಬರಹಗಾರನ ವೈಶಿಷ್ಟ್ಯಕ್ಕೆ, ಅಂದರೆ ಬರವಣಿಗೆಯ ಸ್ವಾದಕ್ಕೆ. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಪ್ರಾಮಾಣಿಕನೇ. ಆದರೆ ಒಬ್ಬೊಬ್ಬನ ಕೈಯಲ್ಲಿ ಒಂದೊಂದು ತಕ್ಕಡಿ. ನಮ್ಮ ಶಾಲೆಗಳಲ್ಲಿ ಇದನ್ನು ಕಾಣದವರುಂಟೇ? ಒಬ್ಬ ಗುರುಗಳು ಒಂದು ದೀರ್ಘ ತಪ್ಪಿದರೆ ಕೆಂಪು ಶಾಯಿಯ ಹೊಳೆಯನ್ನೇ ಹರಿಸುವರು. ಇನ್ನೊಬ್ಬರು ನಾಲ್ಕು ಸುಭಾಷಿತಗಳು ಕಂಡರೆ ಮಿಕ್ಕದ್ದನ್ನು ಓದುವದೇ ಇಲ್ಲ.

ರೋಗದ ಕಾರಣವು ತಿಳಿದ ಬಳಿಕ ಮದ್ದನ್ನು ಹುಡುಕುವದು ಸುಲಭವಾಯಿತು. 1966ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 646 ವಿದ್ಯಾರ್ಥಿಗಳಿಂದ ತಲಾ ಐದು ನಿಬಂಧಗಳನ್ನು ಬರೆಯಿಸಿದರು. ಒಂದೊಂದು ನಿಬಂಧವನ್ನೂ ಐವರು ವಾಚಕರು ಸ್ವತಂತ್ರವಾಗಿ ಓದಿದರು. ಇದರಿಂದ ಎರಡು ಮಾತುಗಳು ಸ್ಪಷ್ಟವಾದವು. ಒಂದು: ಹಲವು ವಿಷಯಗಳ ಮೇಲೆ ಬರೆಯಿಸಿ, ಹಲವರಿಂದ ಓದಿಸಿ ಕೂಡಿಸಿದ ಅಂಕವು ನಂಬಿಗೆಗೆ ಅರ್ಹವಾದದ್ದು. ಎರಡು: ಒಂದೇ ನಿಬಂಧ, ಒಬ್ಬನೇ ವಾಚಕ ಎಂಬ ರೂಢಿಯು ಜೂಜಿಗೆ ಸಮಾನವಾದದ್ದು. ಅಂದಬಳಿಕ ನಿಬಂಧವನ್ನು ಅಳೆಯಲಿಕ್ಕೆ ಸಾಧ್ಯವಿಲ್ಲವೆಂಬ ಮಾತು ನಿಜವಲ್ಲ. ಅಳೆಯಬಹುದು, ಆದರೆ ಅದಕ್ಕೆ ಕಾಲವೂ ಹಣವೂ ಬೇಕು. ಈ ಬೆಲೆಯನ್ನು ತೆರಲು ಸಮಾಜವು ಸಿದ್ಧವಿದೆಯೇ ಎಂಬುದೇ ಪ್ರಶ್ನೆಯ ತಿರುಳು.

ಅಮೇರಿಕೆಯು ಆ ಬೆಲೆಯಲ್ಲಿ ಚೌಕಾಶಿ ಮಾಡಿತು. 2005ರ ಮಾರ್ಚಿನಲ್ಲಿ ಸ್ಯಾಟ್ ಪರೀಕ್ಷೆಗೆ ನಿಬಂಧವನ್ನು ಸೇರಿಸಿದರು. ಕೊಟ್ಟ ಕಾಲ 25 ನಿಮಿಷ. ಬರೆಯಬೇಕಾದದ್ದು ಒಂದೇ ನಿಬಂಧ. ಬರೆದ ಕಾಗದದ ಚಿತ್ರವನ್ನು ತೆಗೆದು ವಾಚಕರ ಗಣಕಯಂತ್ರಗಳಿಗೆ ಕಳಿಸುತ್ತಿದ್ದರು. ಒಬ್ಬರ ಅಂಕವನ್ನು ಇನ್ನೊಬ್ಬರು ಅರಿಯದಂತೆ ಇಬ್ಬರು ವಾಚಕರು ಒಂದರಿಂದ ಆರರ ವರೆಗೆ ಅಂಕ ಕೊಡಬೇಕು. ಅವೆರಡನ್ನೂ ಕೂಡಿಸಿದರೆ ಎರಡರಿಂದ ಹನ್ನೆರಡು. ಇಬ್ಬರಲ್ಲಿ ಒಂದಕ್ಕಿಂತ ಹೆಚ್ಚು ಅಂಕದ ಅಂತರ ಬಿದ್ದರೆ ಮೂರನೆಯವನು ನಿರ್ಣಯಿಸಬೇಕು. ವಿಷಯವನ್ನು ಬಿಟ್ಟು ಬರೆದವನಿಗೆ ಸೊನ್ನೆ. ಬರವಣಿಗೆಯ ವಿಭಾಗದ ಅಂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ನಿಬಂಧದ್ದು. ಕಟ್ಟಳೆಯು ಕಾಗದದ ಮೇಲೆ ಚೆನ್ನಾಗಿಯೇ ಇತ್ತೆಂದು ನಾವು ಒಪ್ಪುತ್ತೇವೆ. ಕೆಡುಕಿದ್ದದ್ದು ಅವಸರದಲ್ಲಿ. ವಾಚಕನು ಒಂದೊಂದು ನಿಬಂಧಕ್ಕೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಕಾಲವನ್ನು ಕೊಡುವಂತಿರಲಿಲ್ಲ.

ಅವಸರದಲ್ಲಿರುವವನು ಏನನ್ನು ನೋಡುವನು? ಕಣ್ಣಿಗೆ ಮೊದಲು ಬೀಳುವದನ್ನು ನೋಡುವನು. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಬರವಣಿಗೆಯನ್ನು ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ ಎಂಬವರು 2005ರಲ್ಲಿ ಬೋರ್ಡು ತಾನೇ ಪ್ರಕಟಿಸಿದ ಮಾದರಿ ನಿಬಂಧಗಳನ್ನು ಮುಂದಿಟ್ಟುಕೊಂಡು ಶಬ್ದಗಳನ್ನು ಎಣಿಸಿದರು. ಉದ್ದವಾದ ನಿಬಂಧಕ್ಕೆ ಹೆಚ್ಚಿನ ಅಂಕ, ಗಿಡ್ಡವಾದದ್ದಕ್ಕೆ ಕಡಿಮೆ. ಒಂದು ಸಾಲನ್ನೂ ಓದದೆ ಉದ್ದಳತೆಯಿಂದಲೇ ಬಹುತೇಕ ನಿಬಂಧಗಳ ಅಂಕವನ್ನು ಸರಿಯಾಗಿ ಹೇಳಬಹುದೆಂದು ಅವರು ತೋರಿಸಿಕೊಟ್ಟರು. ಅದಕ್ಕೂ ಆಶ್ಚರ್ಯದ ಸಂಗತಿಯೆಂದರೆ, ನಿಬಂಧದಲ್ಲಿ ಹೇಳಿದ ಸಂಗತಿಗಳು ಸುಳ್ಳಾಗಿದ್ದರೂ ಅಂಕವನ್ನು ಕಡಿಮೆ ಮಾಡಕೂಡದೆಂದು ವಾಚಕರಿಗೆ ಸೂಚನೆಯಿತ್ತು. ಪರೀಕ್ಷೆ ಇದ್ದದ್ದು ಬರವಣಿಗೆಯದು, ಇತಿಹಾಸದ್ದಲ್ಲ ಎಂಬುದು ಅದಕ್ಕೆ ಸಮಾಧಾನ. ನಾವು ಈ ಸಮಾಧಾನವನ್ನು ಒಪ್ಪಲಾರೆವು. ಸುಳ್ಳುಸಾಕ್ಷಿಯು ಸೊಗಸಾಗಿ ಮಾತಾಡಿದನೆಂದು ಅವನ ಜಬಾನಿಯನ್ನು ಎತ್ತಿಹಿಡಿಯುವ ನ್ಯಾಯಾಧೀಶನುಂಟೇ? ಸತ್ಯಕ್ಕೂ ಬರಹಕ್ಕೂ ಸಂಬಂಧವಿಲ್ಲವೆಂಬ ಪಾಠವನ್ನು ಹದಿನೇಳರ ಹರೆಯದಲ್ಲಿಯೇ ಕಲಿಸಿದರೆ ಅಂಥ ಯುವಕರು ಮುಂದೆ ಎಂಥ ಪತ್ರಕರ್ತರು, ಎಂಥ ವಕೀಲರು, ಎಂಥ ಮಂತ್ರಿಗಳು ಆಗಬೇಕು?

ಟೀಕೆಗಳು ಹೆಚ್ಚಿದ ಮೇಲೆ 2016ರಲ್ಲಿ ಬೋರ್ಡು ಪದ್ಧತಿಯನ್ನು ಬದಲಿಸಿತು. ಕಾಲವು 50 ನಿಮಿಷಕ್ಕೆ ಏರಿತು. ಒಂದು ಗದ್ಯಭಾಗವನ್ನು ಕೊಟ್ಟು, ಅದರ ಲೇಖಕನು ತನ್ನ ವಾದವನ್ನು ಹೇಗೆ ಕಟ್ಟಿದ್ದಾನೆಂಬುದನ್ನು ವಿದ್ಯಾರ್ಥಿಯು ವಿವೇಚಿಸಬೇಕೆಂದು ಗೊತ್ತುಪಡಿಸಿದರು. ಓದು, ವಿವೇಚನೆ, ಬರವಣಿಗೆ ಎಂಬ ಮೂರು ಅಂಗಗಳಿಗೆ ಪ್ರತ್ಯೇಕವಾದ ಅಂಕಗಳಿದ್ದವು. ಇದು ಹಿಂದಿನದಕ್ಕಿಂತ ನಿಸ್ಸಂಶಯವಾಗಿ ಉತ್ತಮವಾದ ಪ್ರಶ್ನೆ. ಆದರೆ ಆಗಲೇ ನಿಬಂಧವನ್ನು ಐಚ್ಛಿಕವನ್ನಾಗಿ ಮಾಡಿಬಿಟ್ಟಿದ್ದರು. 2018ರಲ್ಲಿ ಹಾರ್ವರ್ಡ್, ಯೇಲ್ ಮೊದಲಾದ ದೊಡ್ಡ ವಿದ್ಯಾಪೀಠಗಳು ತಮಗೆ ಅದು ಬೇಡವೆಂದವು. 2021ರ ಜನವರಿಯಲ್ಲಿ ಬೋರ್ಡು ಅದನ್ನು ನಿಲ್ಲಿಸುವದಾಗಿ ಸಾರಿತು. ಉತ್ತಮವಾದ ಪ್ರಶ್ನೆಯು ದೊರೆತ ಹೊತ್ತಿಗೆ ಜನರ ನಂಬಿಗೆಯು ಹಾರಿಹೋಗಿತ್ತು. ನ್ಯಾಯದಾನದಲ್ಲಿ ಒಮ್ಮೆ ಕಳೆದುಕೊಂಡ ವಿಶ್ವಾಸವು ಕಾಯದೆಯ ತಿದ್ದುಪಡಿಯಿಂದ ಮರಳಿ ಬರುವದಿಲ್ಲ.

ಮನುಷ್ಯನು ಚಂಚಲನು, ಆದುದರಿಂದ ಯಂತ್ರಕ್ಕೆ ಒಪ್ಪಿಸೋಣವೆನ್ನುವವರ ಪಕ್ಷವು ಈಗ ಬಲವಾಗುತ್ತಲಿದೆ. ಈ ವಿಚಾರವೂ ಹಳೆಯದೇ. ಎಲ್ಲಿಸ್ ಪೇಜ್ ಎಂಬವರು 1966ರಲ್ಲಿಯೇ ಗಣಕಯಂತ್ರದಿಂದ ನಿಬಂಧಗಳಿಗೆ ಅಂಕ ಕೊಡಿಸುವ ಯೋಜನೆಯನ್ನು ಮುಂದಿಟ್ಟರು. ಯಂತ್ರವು ವಿಚಾರವನ್ನು ಅರಿಯಲಾರದು. ಆದುದರಿಂದ ನಿಬಂಧದ ಉದ್ದ, ಅಲ್ಪವಿರಾಮಗಳ ಸಂಖ್ಯೆ, ಅಪರೂಪದ ಶಬ್ದಗಳು ಮುಂತಾದ ಬಾಹ್ಯಲಕ್ಷಣಗಳನ್ನು ಎಣಿಸಿ, ಅವುಗಳಿಂದ ಮನುಷ್ಯನು ಎಷ್ಟು ಅಂಕ ಕೊಟ್ಟಾನೆಂಬುದನ್ನು ಅದು ಊಹಿಸಬೇಕು. 1999ರಿಂದ ವ್ಯಾಪಾರಶಿಕ್ಷಣದ ಪ್ರವೇಶಪರೀಕ್ಷೆಯಾದ ಜೀಮ್ಯಾಟಿನಲ್ಲಿ ಯಂತ್ರವು ಮನುಷ್ಯವಾಚಕನ ಜೊತೆಗೆ ಕುಳಿತಿತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಿದ್ದ ನೂರಾರು ತರುಣರು ಅಮೇರಿಕೆಯ ಉಚ್ಚ ಶಿಕ್ಷಣಕ್ಕಾಗಿ ಬರೆಯುವ ಜೀಆರ್‌ಈ ಪರೀಕ್ಷೆಯ ನಿಬಂಧವನ್ನೂ ಇಂದು ಒಬ್ಬ ಮನುಷ್ಯನೂ ಒಂದು ಯಂತ್ರವೂ ಕೂಡಿಯೇ ತೂಗುವರು. ಇಬ್ಬರ ಅಂಕಗಳು ಹೊಂದಿಕೊಂಡರೆ ಸರಾಸರಿ. ಹೊಂದದಿದ್ದರೆ ಇನ್ನೊಬ್ಬ ಮನುಷ್ಯನನ್ನು ಕರೆಯುವರು. ಧಾರವಾಡದ ತರುಣನಾಗಲಿ ಮೈಸೂರಿನ ತರುಣಿಯಾಗಲಿ ತನ್ನ ಬರಹವನ್ನು ಅರ್ಧ ಓದಿದ್ದು ಯಂತ್ರವೆಂಬುದನ್ನು ಅರಿತಿರುವದು ಒಳ್ಳೆಯದು.

ಯಂತ್ರಕ್ಕೆ ಆಯಾಸವಿಲ್ಲ, ಪಕ್ಷಪಾತವಿಲ್ಲವೆಂದು ಹೇಳುವರು. ಆಯಾಸವಿಲ್ಲವೆಂಬುದು ನಿಜ. ಆದರೆ ಪೆರೆಲ್ಮನ್ನರು 2014ರಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಕೂಡಿ ಒಂದು ಪ್ರತಿಯಂತ್ರವನ್ನು ಸಿದ್ಧಪಡಿಸಿದರು. ಅದಕ್ಕೆ ಮೂರು ಶಬ್ದಗಳನ್ನು ಕೊಟ್ಟರೆ ಸಾಕು, ದೊಡ್ಡ ದೊಡ್ಡ ಪದಗಳಿಂದ ಕಿಕ್ಕಿರಿದ, ಅರ್ಥದ ಗಂಧವೇ ಇಲ್ಲದ ನಿಬಂಧವನ್ನು ಅದು ಕ್ಷಣಾರ್ಧದಲ್ಲಿ ಹೊಸೆಯುವದು. ಆ ಅರ್ಥಹೀನ ಪ್ರಲಾಪಕ್ಕೆ ಅಂಕದ ಯಂತ್ರಗಳು ಉನ್ನತವಾದ ಅಂಕಗಳನ್ನು ಕೊಟ್ಟವು! ಪಕ್ಷಪಾತದ ವಿಷಯದಲ್ಲಿಯೂ, ಯಂತ್ರವನ್ನು ನಿರ್ಮಿಸಿದ ಸಂಸ್ಥೆಯ ಸಂಶೋಧಕರೇ 2012ರಲ್ಲಿ ಪ್ರಕಟಿಸಿದ ಲೇಖನದಂತೆ, ಚೀನದ ಅಭ್ಯರ್ಥಿಗಳಿಗೆ ಮನುಷ್ಯವಾಚಕರಿಗಿಂತ ಯಂತ್ರವು ಹೆಚ್ಚಿನ ಅಂಕವನ್ನೂ ಅಮೇರಿಕೆಯ ಕರಿಯ ಜನಾಂಗದವರಿಗೆ ಕಡಿಮೆ ಅಂಕವನ್ನೂ ಕೊಡುವ ಒಲವನ್ನು ತೋರಿತು. ಮನುಷ್ಯನ ಪಕ್ಷಪಾತವನ್ನು ಪ್ರಶ್ನಿಸಬಹುದು. ಅವನಿಗೆ ನಾಚಿಕೆಯೆಂಬುದೊಂದು ಇದೆ. ಯಂತ್ರದ ಪಕ್ಷಪಾತವು ಗಣಿತದ ವೇಷದಲ್ಲಿ ಬರುವದರಿಂದ ಅದರ ಮುಂದೆ ಪಾಲಕರೂ ಪ್ರಾಚಾರ್ಯರೂ ಕೈಮುಗಿದು ನಿಲ್ಲುವರು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಕಾಲೇಜುಗಳಿಗೆ ಸಾಮಾನ್ಯ ಪ್ರವೇಶಪರೀಕ್ಷೆಯು ಬಹಳ ವರುಷಗಳಿಂದ ನಡೆದುಬಂದಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ಒಂದು ಸಾಮಾನ್ಯ ಪರೀಕ್ಷೆ ನಡೆಯುತ್ತಲಿದೆ. ಇವೆರಡರಲ್ಲಿಯೂ ನಿಬಂಧವಿಲ್ಲ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವದಷ್ಟೇ ಇದೆ. ಸಾಹಿತ್ಯವನ್ನೋ ಇತಿಹಾಸವನ್ನೋ ಓದಬಯಸುವ ವಿದ್ಯಾರ್ಥಿಯು ಕೂಡ ಒಂದು ವಾಕ್ಯವನ್ನೂ ಬರೆಯದೆ ವಿಶ್ವವಿದ್ಯಾಲಯದ ಹೊಸ್ತಿಲನ್ನು ದಾಟಬಹುದು. ಇದರಲ್ಲಿ ಒಂದು ಬಗೆಯ ಸಮಾನತೆ ಇದೆಯೆಂಬುದನ್ನು ನಾವು ಅಲ್ಲಗಳೆಯುವದಿಲ್ಲ. ಸಿಂದಗಿಯ ರೈತನ ಮಗನಿಗೂ ಬೆಂಗಳೂರಿನ ಧನಿಕನ ಮಗಳಿಗೂ ಅಲ್ಲಿ ಒಂದೇ ಕೀಲಿಕೈಯಿಂದ ಅಂಕ ದೊರೆಯುವದು. ಯಾವ ಪರೀಕ್ಷಕನ ಸಿಟ್ಟುಸೆಡವುಗಳೂ ಅಡ್ಡ ಬರಲಾರವು. ಲಕ್ಷಾಂತರ ಅಭ್ಯರ್ಥಿಗಳಿರುವ ದೇಶದಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ಆ ಲಾಭಕ್ಕಾಗಿ ತೆತ್ತ ಬೆಲೆಯನ್ನು ಲೆಕ್ಕ ಹಾಕಿದವರಾರು? ಪರೀಕ್ಷೆಯಲ್ಲಿ ಕೇಳದ್ದನ್ನು ಶಾಲೆಯು ಕಲಿಸುವದಿಲ್ಲ. ಕಲಿಸಿದರೂ ಮಕ್ಕಳು ಲಕ್ಷ್ಯ ಕೊಡುವದಿಲ್ಲ. ತನ್ನ ಮನಸ್ಸಿನ ವಿಚಾರವನ್ನು ಆದಿಯಿಂದ ಅಂತ್ಯದ ವರೆಗೆ ಕ್ರಮವಾಗಿ ಹೇಳಲಾರದವನು ಪರರ ವಿಚಾರಕ್ಕೆ ತಲೆದೂಗಲು ಮಾತ್ರ ಸಿದ್ಧನಾಗಿರುವನು. ಇತರರು ಮುಂದಿಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಅಭ್ಯಾಸವೇ ಬೆಳೆದರೆ, ಐದನೆಯ ಉತ್ತರವೊಂದು ಇರಬಹುದೆಂಬ ಶಂಕೆಯೇ ಅವನಲ್ಲಿ ಹುಟ್ಟಲಾರದು. ಪ್ರಜಾಪ್ರಭುತ್ವಕ್ಕೆ ಇಂಥ ಪ್ರಜೆಯು ಆಧಾರವಾಗಲಾರನು. ಚೀನದವರನ್ನು ನೋಡಿರಿ. ಅಲ್ಲಿಯ ಕಾಲೇಜು ಪ್ರವೇಶಪರೀಕ್ಷೆಗೆ ಕೂಡುವವರ ಸಂಖ್ಯೆಯು ಕೋಟಿಯನ್ನು ಮೀರಿದೆ. ಆದರೂ ತಾಯ್ನುಡಿಯ ಪತ್ರಿಕೆಯ 150 ಅಂಕಗಳಲ್ಲಿ 60 ಅಂಕಗಳು ನಿಬಂಧಕ್ಕೆ ಮೀಸಲು. ಇಬ್ಬರು ಓದುವರು, ಭೇದ ಬಿದ್ದರೆ ಮೂರನೆಯವನು ಓದುವನು. ಸಂಖ್ಯೆಯು ದೊಡ್ಡದೆಂಬ ನೆಪವು ಅವರಿಗೆ ಅಡ್ಡ ಬರಲಿಲ್ಲ.

ಇನ್ನು ಅಪೀಲಿನ ಮಾತು. ಈ ಒಂದು ವಿಷಯದಲ್ಲಿ ನಮ್ಮ ದೇಶವು ಹೆಮ್ಮೆ ಪಡಬೇಕಾದ ಹೆಜ್ಜೆಯನ್ನಿಟ್ಟಿದೆ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆದಿತ್ಯ ಬಂದೋಪಾಧ್ಯಾಯ ಅವರ ಖಟ್ಲೆಯಲ್ಲಿ, ಅಂಕ ಕೊಟ್ಟ ಉತ್ತರಪತ್ರಿಕೆಯು 2005ರ ಮಾಹಿತಿ ಹಕ್ಕಿನ ಕಾಯದೆಯಂತೆ ಮಾಹಿತಿಯೇ ಆಗಿರುವದೆಂದೂ ಬರೆದವನಿಗೆ ಅದನ್ನು ನೋಡುವ ಹಕ್ಕು ಇದೆಯೆಂದೂ ತೀರ್ಪು ಕೊಟ್ಟಿತು. ಪರೀಕ್ಷಕನ ಹೆಸರನ್ನು ಮಾತ್ರ ಗುಪ್ತವಾಗಿಡಬಹುದು. ಮುಂದೆ 2018ರಲ್ಲಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ವಿಷಯದಲ್ಲಿ ಅದೇ ನ್ಯಾಯಾಲಯವು ಈ ಹಕ್ಕಿಗೆ ಮಿತಿಯನ್ನು ಹಾಕಿತೆಂಬುದನ್ನೂ ಹೇಳಬೇಕು. ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಬಂದರೂ ಒಂದು ಕೊರತೆಯು ಉಳಿದೇ ಇದೆ: ನೋಡಿದಾಗ ಕಾಣುವದು ಅಂಕ ಮಾತ್ರ, ಕಾರಣವಲ್ಲ. ಹತ್ತಕ್ಕೆ ನಾಲ್ಕು ಎಂದು ಬರೆದಿದ್ದರೆ ಮಿಕ್ಕ ಆರು ಎಲ್ಲಿ ಹೋದವೆಂಬುದನ್ನು ಅವನು ಯಾರಲ್ಲಿ ಕೇಳಬೇಕು?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಭಾಷೆ, ಸಾಹಿತ್ಯ, ಇತಿಹಾಸ, ಕಾಯದೆ, ಶಿಕ್ಷಣ ಮುಂತಾದ ವಿಷಯಗಳ ಕಾಲೇಜು ಪ್ರವೇಶಕ್ಕಾದರೂ ನಿಬಂಧವಿರಬೇಕು. ಮತ್ತು ವಿದ್ಯಾರ್ಥಿಯು ಅದನ್ನು ತನಗೆ ಚೆನ್ನಾಗಿ ಬಲ್ಲ ಭಾಷೆಯಲ್ಲಿ ಬರೆಯಲು ಅವಕಾಶವಿರಬೇಕು. ಅಂಕ ಕೊಡುವ ಕ್ರಮವು ಹೀಗಿರಬೇಕು. ಒಂದನೆಯದು, ಬರೆದವನ ಹೆಸರು, ಊರು, ಶಾಲೆಗಳ ಗುರುತು ಓದುವವನಿಗೆ ಹತ್ತಬಾರದು. ಎರಡನೆಯದು, ಒಂದೇ ದೊಡ್ಡ ನಿಬಂಧದ ಬದಲು ಬೇರೆ ಬೇರೆ ವಿಷಯಗಳ ಮೇಲೆ ಎರಡು ಚಿಕ್ಕ ನಿಬಂಧಗಳನ್ನು ಬರೆಯಿಸಬೇಕು. ಮೂರನೆಯದು, ಒಂದೊಂದನ್ನೂ ಇಬ್ಬರು ಸ್ವತಂತ್ರವಾಗಿ ಓದಬೇಕು. ಭೇದ ಬಂದರೆ ಮೂರನೆಯವರು ಓದಬೇಕು. ನಾಲ್ಕನೆಯದು, ಓದಲು ಕೂಡುವ ಮೊದಲು ಎಲ್ಲ ಪರೀಕ್ಷಕರೂ ಕೆಲವು ಮಾದರಿ ನಿಬಂಧಗಳನ್ನು ಕೂಡಿ ಓದಿ, ಯಾವುದಕ್ಕೆ ಎಷ್ಟು, ಯಾಕೆ ಎಂಬುದನ್ನು ಗೊತ್ತುಪಡಿಸಿಕೊಳ್ಳಬೇಕು. ಐದನೆಯದು, ಅಂಕದ ಬದಿಯಲ್ಲಿ ಎರಡು ಸಾಲಿನ ಕಾರಣವನ್ನು ಬರೆಯಬೇಕು. ಆರನೆಯದು, ಯಂತ್ರವನ್ನು ಬೇಕಾದರೆ ಪರೀಕ್ಷಕರ ತಪ್ಪನ್ನು ತೋರಿಸುವ ಕಾವಲುಗಾರನನ್ನಾಗಿ ಇಟ್ಟುಕೊಳ್ಳಬಹುದು. ಅದನ್ನು ನ್ಯಾಯಾಸನದ ಮೇಲೆ ಕೂಡಿಸಕೂಡದು.

ಅಂಕವನ್ನೇ ಕೊಡದೆ ಎರಡು ನಿಬಂಧಗಳನ್ನು ಅಕ್ಕಪಕ್ಕದಲ್ಲಿಟ್ಟು ಯಾವುದು ಮೇಲೆಂದು ಮಾತ್ರ ಕೇಳುವ ಪದ್ಧತಿಯೊಂದು ಉಂಟು. ಅದರ ತತ್ವವನ್ನು ಶಿಕಾಗೋ ನಗರದ ಮನಶ್ಶಾಸ್ತ್ರಜ್ಞ ಥರ್ಸ್ಟನ್ ಎಂಬವರು 1927ರಲ್ಲಿಯೇ ನಿರೂಪಿಸಿದರು. ಒಂದು ಕಲ್ಲು ಎಷ್ಟು ಸೇರು ತೂಗುವದೆಂದು ಕೈಯಲ್ಲಿ ಹಿಡಿದು ಹೇಳುವದು ಕಷ್ಟ. ಎರಡರಲ್ಲಿ ಯಾವುದು ಭಾರವೆಂದು ಹೇಳುವದು ಸುಲಭ. ಇಂಥ ಅನೇಕ ತುಲನೆಗಳನ್ನು ಅನೇಕರಿಂದ ಮಾಡಿಸಿ ಕ್ರಮವನ್ನು ಕಟ್ಟಬಹುದು. ಇಂಗ್ಲಂಡದ ಹಲವು ಶಾಲೆಗಳಲ್ಲಿ ಮಕ್ಕಳ ಬರವಣಿಗೆಯನ್ನು ಇಂದು ಹೀಗೆಯೇ ತೂಗುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳು ಇದನ್ನೂ ಪರೀಕ್ಷಿಸಿ ನೋಡತಕ್ಕದ್ದು.

ಇದಕ್ಕೆಲ್ಲ ಹಣವೆಲ್ಲಿದೆಯೆಂದು ಕೇಳುವವರಿಗೆ ನಮ್ಮ ಉತ್ತರ ಸರಳವಾಗಿದೆ. ಬದುವಿನ ಖಟ್ಲೆಗೆ ನ್ಯಾಯಾಧೀಶನನ್ನೂ ಕಾರಕೂನನನ್ನೂ ಚಪರಾಸಿಯನ್ನೂ ನೇಮಿಸಲು ಹಣವಿರುವ ಸಮಾಜಕ್ಕೆ, ಬಾಲಕನ ಬರಹವನ್ನು ಹತ್ತು ನಿಮಿಷ ಓದುವ ಶಿಕ್ಷಕನಿಗೆ ಯೋಗ್ಯವಾದ ಸಂಭಾವನೆಯನ್ನು ಕೊಡಲು ಹಣವಿಲ್ಲವೆಂಬುದು ನಂಬತಕ್ಕ ಮಾತಲ್ಲ. ಎಷ್ಟೇ ಎಚ್ಚರಿಕೆ ವಹಿಸಿದರೂ ಭೇದವು ಉಳಿಯುವದಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಉಳಿಯುವದು ನಿಜ. ಇಂಗ್ಲಂಡದ ಪರೀಕ್ಷಾ ನಿಯಂತ್ರಣದ ಕಚೇರಿಯು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಿರಿಯ ಪರೀಕ್ಷಕನು ಕೊಡಬಹುದಾದ ಶ್ರೇಣಿಯೇ ಅಭ್ಯರ್ಥಿಗೆ ದೊರೆಯುವ ಸಂಭವವು ಗಣಿತದಲ್ಲಿ ನೂರಕ್ಕೆ 96 ಇದ್ದರೆ, ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯಗಳ ಕೂಡಿದ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 52 ಮಾತ್ರ. ಆದರೆ ಅವರು ಈ ಲೆಕ್ಕವನ್ನು ಮುಚ್ಚಿಡದೆ ಜನರ ಮುಂದಿಟ್ಟರೆಂಬುದನ್ನು ಗಮನಿಸಬೇಕು. ನ್ಯಾಯಾಧೀಶರಲ್ಲಿಯೂ ಮತಭೇದವುಂಟು, ಹಾಗೆಂದು ನ್ಯಾಯಾಲಯಗಳನ್ನು ಮುಚ್ಚಿ ಚೀಟಿಯೆತ್ತಿ ತೀರ್ಪು ಕೊಡಿರೆಂದು ಯಾರೂ ಹೇಳುವದಿಲ್ಲ. ಮತಭೇದವಿರುವದರಿಂದಲೇ ಕಾರಣಗಳನ್ನು ಬರೆಯಬೇಕು. ಅದಕ್ಕಾಗಿಯೇ ಅಪೀಲು ಇರಬೇಕು.

ಸರಕಾರವೂ ವಿಶ್ವವಿದ್ಯಾಲಯಗಳೂ ಎಚ್ಚರಗೊಳ್ಳುವ ವರೆಗೆ ಶಿಕ್ಷಕಬಂಧುಗಳು ಕೈಕಟ್ಟಿ ಕೂಡಬೇಕಾಗಿಲ್ಲ. ಬರುವ ಸಹಾಮಾಹಿಯ ಪರೀಕ್ಷೆಯಲ್ಲಿ ತಮ್ಮ ವರ್ಗದ ಹತ್ತು ನಿಬಂಧಗಳನ್ನು ಆರಿಸಿ, ಹೆಸರುಗಳನ್ನು ಮುಚ್ಚಿ, ನೆರೆಯ ಶಾಲೆಯ ಮೂವರು ಶಿಕ್ಷಕರಿಗೆ ಪ್ರತ್ಯೇಕವಾಗಿ ಕೊಡಲಿ. ಅವರು ಕೊಟ್ಟ ಅಂಕಗಳನ್ನೂ ತಾವು ಕೊಟ್ಟ ಅಂಕಗಳನ್ನೂ ಒಂದೇ ಹಾಳೆಯ ಮೇಲೆ ಬರೆದು, ನಾಲ್ವರೂ ಕೂಡಿ ಕುಳಿತು, ಎಲ್ಲಿ ಭೇದ ಬಂದಿದೆ, ಯಾಕೆ ಬಂದಿದೆ ಎಂಬುದನ್ನು ವಿಚಾರಿಸಲಿ. ಇದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಡ. ಒಂದು ಸಂಜೆಯ ಬಿಡುವು ಇದ್ದರೆ ಸಾಕು. ತಮ್ಮ ತಕ್ಕಡಿಯು ಯಾವ ಕಡೆಗೆ ವಾಲುವದೆಂಬುದು ಆ ಒಂದು ಸಂಜೆಯಲ್ಲಿ ತಿಳಿದುಬರುವದು. ಮರುದಿನ ವರ್ಗಕ್ಕೆ ಹೋದಾಗ, ಅಂಕದ ಕೆಳಗೆ ಎರಡು ಸಾಲು ಕಾರಣವನ್ನು ಬರೆಯುವ ಮನಸ್ಸೂ ಆಗುವದು. ಅಲ್ಲಿಂದ ಈ ಸುಧಾರಣೆಯು ಆರಂಭವಾಗಲಿ.